ಟೆಕ್ಸಸ್‌ನಲ್ಲಿ ಮನೆ ಕಂದಾಯ ಮತ್ತು ಶಾಲೆಯ ಬಜೆಟ್: ಯಾರನ್ನು, ಯಾವಾಗ, ಏನು ಕೇಳಬೇಕು?

ಅಕ್ಟೋಬರ್ ಬಂತೆಂದರೆ ಪ್ಲೇನೊ, ಫ್ರಿಸ್ಕೊ, ಆಸ್ಟಿನ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಮಾತು: ‘ಟ್ಯಾಕ್ಸ್ ಬಿಲ್ ಬಂತಾ? ಈ ಸಲ ಎಷ್ಟು ಏರಿಸಿದಾರೆ?’ ಬಿಲ್ ಕೈಗೆ ಬಂದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಮನೆಯ ಬೆಲೆಗೆ ತಕರಾರು ಎತ್ತುವ ಕಾಲ ಏಪ್ರಿಲ್–ಮೇ, ಶಾಲೆಯ ಬಜೆಟ್ ಪಾಸಾಗುವುದು ಜೂನ್ ಅಥವಾ ಆಗಸ್ಟ್‌ನಲ್ಲಿ, ತೆರಿಗೆ ದರ ನಿಗದಿಯಾಗುವುದು ಆಗಸ್ಟ್–ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್‌ನ ಕಾಗದ ಬರೀ ಲೆಕ್ಕ ತೋರಿಸುತ್ತದೆ.

ಊರಿನ ಮನೆ ಕಂದಾಯದ ರಸೀದಿಯಲ್ಲಿ ಗ್ರಂಥಾಲಯ ಸೆಸ್, ಭಿಕ್ಷುಕರ ಸೆಸ್ ಎಂದೆಲ್ಲ ಇರುತ್ತದೆ, ಆದರೆ ಸರ್ಕಾರಿ ಶಾಲೆ ಮೇಷ್ಟರ ಸಂಬಳಕ್ಕೂ ಆ ರಸೀದಿಗೂ ಸಂಬಂಧವಿಲ್ಲ; ಅದು ರಾಜ್ಯದ ಖಜಾನೆಯಿಂದ ಬರುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಶಾಲೆಯ ಭಾರದಲ್ಲಿ ದೊಡ್ಡ ಪಾಲು ಮನೆ ಮೊದಲಾದ ಆಸ್ತಿಯ ತೆರಿಗೆಯ ಮೇಲೆ ಬೀಳುತ್ತದೆ. ಬಾಡಿಗೆ ಮನೆಯಲ್ಲಿರುವವರೂ ಇದನ್ನು ಕಟ್ಟುತ್ತಿದ್ದಾರೆ, ಬಾಡಿಗೆಯೊಳಗೆ ಸೇರಿರುವುದರಿಂದ ಕಾಣುವುದಿಲ್ಲ ಅಷ್ಟೆ.

ಮೊದಲು ಬಿಲ್ ಬಿಡಿಸಿ ನೋಡಿ

ಬಿಲ್‌ನಲ್ಲಿ ಕೌಂಟಿ, ಸಿಟಿ, ಕಮ್ಯೂನಿಟಿ ಕಾಲೇಜು, ಶಾಲೆ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಐಎಸ್‌ಡಿ ಎಂದಿರುವ ಸಾಲೇ ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದು. ಐಎಸ್‌ಡಿ ಅಂದರೆ ಸ್ವತಂತ್ರ ಶಾಲಾ ಜಿಲ್ಲೆ. ಅದಕ್ಕೂ ಸಿಟಿ ಕೌನ್ಸಿಲ್‌ಗೂ ಸಂಬಂಧವಿಲ್ಲ. ಗಡಿಗಳೂ ಬೇರೆ. ಮನೆಯ ವಿಳಾಸ ಒಂದು ಊರಿನದು, ಶಾಲೆ ಪಕ್ಕದ ಊರಿನ ಐಎಸ್‌ಡಿಯದು ಆಗಿರುವುದು ಇಲ್ಲಿ ಮಾಮೂಲು. ದೂರು ಕೊಂಡೊಯ್ಯುವ ಮೊದಲು ನಿಮ್ಮ ಐಎಸ್‌ಡಿ ಯಾವುದೆಂದು ಬಿಲ್‌ನಲ್ಲೇ ನೋಡಿಕೊಳ್ಳಿ.

ಆ ಸಾಲಿನ ಮೊತ್ತ ಮೂರು ಸಂಖ್ಯೆಗಳಿಂದ ಬರುತ್ತದೆ: ಮನೆಯ ಮೌಲ್ಯ, ಅದರಿಂದ ಕಳೆಯುವ ವಿನಾಯಿತಿ, ನೂರು ಡಾಲರ್‌ಗೆ ಇಷ್ಟು ಎಂಬ ದರ. ಮೌಲ್ಯ ನಿರ್ಧರಿಸುವುದು ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್. ವಿನಾಯಿತಿ ರಾಜ್ಯದ ಸಂವಿಧಾನದಲ್ಲಿದೆ. ದರಕ್ಕೆ ಕೈ ಎತ್ತುವುದು ಐಎಸ್‌ಡಿಯ ಚುನಾಯಿತ ಮಂಡಳಿಯಾದ ಸ್ಕೂಲ್ ಬೋರ್ಡ್, ಅದೂ ರಾಜ್ಯ ಹಾಕಿದ ಬೇಲಿಯೊಳಗೆ. ‘ನನ್ನ ಮನೆಗೆ ಇಷ್ಟು ಬೆಲೆ ಹಾಕಿದ್ದೀರಿ’ ಎಂದು ಸ್ಕೂಲ್ ಬೋರ್ಡ್ ಮೀಟಿಂಗ್‌ನಲ್ಲಿ ಜಗಳ ಆಡುವವರನ್ನು ಪ್ರತಿ ವರ್ಷ ನೋಡಬಹುದು. ಪಾಪ, ಆ ಬೋರ್ಡ್ ಸದಸ್ಯರ ಕೈಯಲ್ಲಿ ಅದು ಇಲ್ಲವೇ ಇಲ್ಲ.

ಲೆಕ್ಕ ಹೀಗೆ: ಮನೆ 5 ಲಕ್ಷ ಡಾಲರ್‌ನದು, ಐಎಸ್‌ಡಿ ದರ ನೂರಕ್ಕೆ 1.05 ಡಾಲರ್ ಎಂದುಕೊಳ್ಳಿ. ನೀವೇ ವಾಸವಿರುವ ಮನೆಗೆ ಸಿಗುವ ಹೋಮ್‌ಸ್ಟೆಡ್ ವಿನಾಯಿತಿ 1.40 ಲಕ್ಷ ಕಳೆದರೆ 3.60 ಲಕ್ಷದ ಮೇಲೆ ತೆರಿಗೆ, ಅಂದರೆ 3,780 ಡಾಲರ್. ವಿನಾಯಿತಿ ಹಾಕಿಸಿಕೊಳ್ಳದಿದ್ದರೆ 5,250.

ಹೋಮ್‌ಸ್ಟೆಡ್ ಅರ್ಜಿ ಹಾಕಿದ್ದೀರಾ?

ಮೇಲಿನ ಲೆಕ್ಕದಲ್ಲಿ ವ್ಯತ್ಯಾಸ 1,470 ಡಾಲರ್, ಅದೂ ಶಾಲೆಯ ತೆರಿಗೆ ಒಂದರಲ್ಲೇ. ಇಷ್ಟಿದ್ದರೂ ಮನೆ ಕೊಂಡು ವರ್ಷಗಟ್ಟಲೆ ಅರ್ಜಿ ಹಾಕದೆ ಕೂತವರಿದ್ದಾರೆ. ಕಾರಣ ಕೇಳಿದರೆ ‘ನಮಗೆ ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲವಲ್ಲ’ ಎನ್ನುತ್ತಾರೆ. ಹೋಮ್‌ಸ್ಟೆಡ್ ವಿನಾಯಿತಿಗೆ ಪೌರತ್ವ ಬೇಕಿಲ್ಲ. ಮನೆ ನಿಮ್ಮ ಹೆಸರಲ್ಲಿರಬೇಕು, ಅದೇ ನಿಮ್ಮ ಮುಖ್ಯ ವಾಸವಾಗಿರಬೇಕು, ಟೆಕ್ಸಸ್ ಡ್ರೈವಿಂಗ್ ಲೈಸೆನ್ಸ್ ಅಥವಾ ಐಡಿಯಲ್ಲಿ ಅದೇ ವಿಳಾಸ ಇರಬೇಕು. ಮನೆ ಬದಲಿಸಿದ ವಾರವೇ ಲೈಸೆನ್ಸ್ ವಿಳಾಸ ಬದಲಿಸಿ. ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಇಲ್ಲೇ.

ಅರ್ಜಿಯ ಫಾರಂ ನಂಬರ್ 50-114, ಸಲ್ಲಿಸಬೇಕಾದ್ದು ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ, ಶುಲ್ಕ ಇಲ್ಲ. ಮನೆ ಕೊಂಡ ಕೆಲವೇ ದಿನಕ್ಕೆ ಸರ್ಕಾರಿ ಮುದ್ರೆಯಂತೆ ಕಾಣುವ ಲಕೋಟೆಯಲ್ಲಿ ‘ಇಷ್ಟು ಡಾಲರ್ ಕಳಿಸಿ, ನಾವು ಹಾಕಿಕೊಡುತ್ತೇವೆ’ ಎಂಬ ಪತ್ರಗಳು ಬರುತ್ತವೆ. ಕಸದ ಬುಟ್ಟಿಗೆ ಹಾಕಿ. ಹಿಂದಿನ ವರ್ಷಗಳದ್ದು ಮರೆತಿದ್ದರೆ, ಆ ವರ್ಷದ ತೆರಿಗೆ ಬಾಕಿಯಾಗುವ ದಿನದಿಂದ ಎರಡು ವರ್ಷದೊಳಗೆ ಹಾಕಿ ಹಣ ವಾಪಸ್ ಪಡೆಯಬಹುದು.

ಈ ವಿನಾಯಿತಿ ಇತ್ತೀಚೆಗೆ ಬಹಳ ಏರಿದೆ. 2023ರ ನವೆಂಬರ್‌ನಲ್ಲಿ ಮತದಾರರು 40,000 ಇದ್ದದ್ದನ್ನು 1 ಲಕ್ಷಕ್ಕೆ ಏರಿಸಿದರು, 2025ರ ನವೆಂಬರ್‌ನಲ್ಲಿ 1.40 ಲಕ್ಷಕ್ಕೆ. 65 ತುಂಬಿದ ಮನೆ ಮಾಲೀಕರಿಗೆ ಒಟ್ಟು 2 ಲಕ್ಷ, ಜೊತೆಗೆ ಅವರ ಶಾಲಾ ತೆರಿಗೆಗೆ ಒಂದು ಮಿತಿ ಬಿದ್ದು ಆಮೇಲೆ ಸಾಮಾನ್ಯವಾಗಿ ಏರುವುದಿಲ್ಲ.

ಹೊಸ ಮನೆ ಕಟ್ಟಿಸಿಕೊಂಡವರಿಗೆ ಒಂದು ಎಚ್ಚರಿಕೆ. ಮೌಲ್ಯ ಲೆಕ್ಕಕ್ಕೆ ಬರುವುದು ಜನವರಿ 1ರಂದು ಇದ್ದ ಸ್ಥಿತಿಯ ಮೇಲೆ. ಆ ದಿನ ಅಲ್ಲಿ ಬರೀ ಸೈಟಿತ್ತು ಎಂದರೆ ಮೊದಲ ವರ್ಷದ ಬಿಲ್ ಸೈಟಿನದ್ದು ಮಾತ್ರ. ಬ್ಯಾಂಕ್ ಅದನ್ನೇ ನಂಬಿ ಎಸ್ಕ್ರೊ (ತೆರಿಗೆ ಕಟ್ಟಲೆಂದು ಸಾಲದ ಕಂತಿನ ಜೊತೆ ಎತ್ತಿಡುವ ಹಣ) ಕಂತು ಕಟ್ಟಿಸಿಕೊಳ್ಳುತ್ತದೆ. ಮುಂದಿನ ವರ್ಷ ಮನೆಯೂ ಸೇರಿ ಬಿಲ್ ಬಂದಾಗ ಎಸ್ಕ್ರೊದಲ್ಲಿ ಸಾವಿರಾರು ಡಾಲರ್ ಕೊರತೆ, ತಿಂಗಳ ಕಂತು ಇದ್ದಕ್ಕಿದ್ದಂತೆ ಜಿಗಿಯುತ್ತದೆ. ‘ಸ್ಕೂಲ್ ಟ್ಯಾಕ್ಸ್ ಡಬಲ್ ಮಾಡಿದ್ರು’ ಎಂಬ ಕೂಗಿನ ಅರ್ಧ ಪಾಲು ಇದೇ. ಕೊಂಡ ವರ್ಷವೇ ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕಿ ಹಣ ಬೇರೆ ಇಟ್ಟುಕೊಳ್ಳಿ.

ಏಪ್ರಿಲ್–ಮೇ: ಬೆಲೆಗೆ ತಕರಾರು

ಮೌಲ್ಯದ ನೋಟಿಸ್ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ. ಪ್ರೊಟೆಸ್ಟ್ ಸಲ್ಲಿಸಲು ಮೇ 15, ಇಲ್ಲವೇ ನೋಟಿಸ್ ಕಳಿಸಿ 30 ದಿನ, ಯಾವುದು ತಡವೋ ಅದು. ಟೆಕ್ಸಸ್‌ನಲ್ಲಿ ಮನೆ ಮಾರಾಟದ ಬೆಲೆಯನ್ನು ಬಹಿರಂಗಪಡಿಸುವ ಕಾನೂನಿಲ್ಲ. ಹಾಗಾಗಿ ನೀವು ಇತ್ತೀಚೆಗೆ ಕಡಿಮೆಗೆ ಕೊಂಡಿದ್ದರೆ ಖರೀದಿ ಮುಗಿಸಿದಾಗ ಸಿಕ್ಕ ಕ್ಲೋಸಿಂಗ್ ಕಾಗದವೇ ಒಳ್ಳೆಯ ಸಾಕ್ಷಿ. ಬಿರುಕು ಬಿಟ್ಟ ಫೌಂಡೇಶನ್, ಸೋರುವ ರೂಫ್ ಇದ್ದರೆ ಫೋಟೊ ಮತ್ತು ರಿಪೇರಿಯ ಎಸ್ಟಿಮೇಟ್ ಲಗತ್ತಿಸಿ. ಮೊದಲು ಅಪ್ರೈಸಲ್ ಡಿಸ್ಟ್ರಿಕ್ಟ್ ಅಧಿಕಾರಿಯ ಜೊತೆ ಮಾತುಕತೆ, ಒಪ್ಪದಿದ್ದರೆ ರಿವ್ಯೂ ಬೋರ್ಡ್ ಮುಂದೆ ವಿಚಾರಣೆ. ಕಮಿಷನ್ ಮೇಲೆ ಮಾಡಿಕೊಡುವ ಕಂಪನಿಗಳೂ ಇವೆ.

ಪ್ರೊಟೆಸ್ಟ್‌ಗೆ ಹೊರಡುವ ಮುನ್ನ ನೋಟಿಸ್‌ನಲ್ಲಿ ಎರಡು ಬೆಲೆ ಹೋಲಿಸಿ: ಮಾರುಕಟ್ಟೆ ಮೌಲ್ಯ ಮತ್ತು ಹೋಮ್‌ಸ್ಟೆಡ್ ಮಿತಿಯ ಮೌಲ್ಯ. ಹೋಮ್‌ಸ್ಟೆಡ್ ಇರುವ ಮನೆಯ ತೆರಿಗೆ ಹಾಕುವ ಮೌಲ್ಯವನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಮಾರುಕಟ್ಟೆ ಮೌಲ್ಯ 6 ಲಕ್ಷ, ಮಿತಿಯ ಮೌಲ್ಯ 5 ಲಕ್ಷ ಎಂದಿದ್ದರೆ ಆರನ್ನು ಐದೂವರೆಗೆ ಇಳಿಸಿಕೊಂಡು ಬಂದರೂ ಈ ವರ್ಷದ ಬಿಲ್ ಒಂದು ಸೆಂಟೂ ಕಡಿಮೆಯಾಗುವುದಿಲ್ಲ.

ಬೆಲೆ ಏರಿದರೆ ಶಾಲೆಗೆ ಲಾಭವೇ?

ಮನೆ ಬೆಲೆ ಏರಿದಷ್ಟೂ ಶಾಲೆಗೆ ದುಡ್ಡು ಹೆಚ್ಚು ಹೋಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಹಾಗಾಗುವುದಿಲ್ಲ.

ಒಂದು ಐಎಸ್‌ಡಿಗೆ ಎಷ್ಟು ಸಲ್ಲಬೇಕು ಎಂಬುದನ್ನು ರಾಜ್ಯ ಒಂದು ಸೂತ್ರದಿಂದ ಲೆಕ್ಕ ಹಾಕುತ್ತದೆ. ಅದರ ಬುಡದಲ್ಲಿರುವುದು ಮಗುವೊಂದಕ್ಕೆ ಮೂಲ ಮೊತ್ತ. 2019ರಿಂದ 6,160 ಡಾಲರ್‌ಗೆ ನಿಂತಿದ್ದ ಇದನ್ನು 2025ರ ಶಾಸನಸಭೆ 55 ಡಾಲರ್ ಏರಿಸಿತು; ಆ ವರ್ಷ ಕೊಟ್ಟ ಉಳಿದ ಹೊಸ ಹಣದಲ್ಲಿ ದೊಡ್ಡ ಪಾಲನ್ನು ಶಿಕ್ಷಕರ ಸಂಬಳಕ್ಕೆಂದೇ ಕಟ್ಟಿಹಾಕಿತು. ಸಲ್ಲಬೇಕಾದ ಮೊತ್ತವನ್ನು ಮೊದಲು ನಿಮ್ಮೂರ ಮನೆ ತೆರಿಗೆಯಿಂದ ತುಂಬಿಸುತ್ತಾರೆ. ಕಡಿಮೆ ಬಿದ್ದರೆ ರಾಜ್ಯ ಕೊಡುತ್ತದೆ, ಹೆಚ್ಚಾದರೆ ರಾಜ್ಯ ತೆಗೆದುಕೊಳ್ಳುತ್ತದೆ. ನಿಮ್ಮ ಬೀದಿಯ ಬೆಲೆಗಳು ಏರಿದಾಗ ಸ್ಥಳೀಯ ಪಾಲು ಹೆಚ್ಚಿ ರಾಜ್ಯದ ಪಾಲು ಇಳಿಯುತ್ತದೆ. ಶಾಲೆಯ ಕೈಗೆ ಬರುವುದು ಹೆಚ್ಚುಕಡಿಮೆ ಅಷ್ಟೇ.

ಹೀಗೆ ತೆಗೆದುಕೊಳ್ಳುವುದಕ್ಕೆ ರೀಕ್ಯಾಪ್ಚರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ರಾಬಿನ್ ಹುಡ್. ಸ್ಯಾನ್ ಆಂಟೋನಿಯೊದ ಬಡ ಶಾಲಾ ಜಿಲ್ಲೆ ಎಡ್ಜ್‌ವುಡ್ ಹೂಡಿದ ಮೊಕದ್ದಮೆಯಲ್ಲಿ 1989ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ‘ಶ್ರೀಮಂತ ಊರಿನ ಮಕ್ಕಳಿಗೊಂದು, ಬಡ ಊರಿನ ಮಕ್ಕಳಿಗೊಂದು ನಡೆಯುವುದಿಲ್ಲ’ ಎಂಬರ್ಥದ ತೀರ್ಪು ಕೊಟ್ಟಿತು. ಅದರ ಫಲವಾಗಿ 1993ರಲ್ಲಿ ಈ ವ್ಯವಸ್ಥೆ ಬಂತು. ಆಶಯದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬೋರ್ಡ್ ದರ ಏರಿಸಲು ಹೊರಟಾಗ ಇದು ಹೇಗೆ ಕೆಲಸ ಮಾಡುತ್ತದೆ ನೋಡಿ: 2024ರ ನವೆಂಬರ್‌ನಲ್ಲಿ ಆಸ್ಟಿನ್ ಮತದಾರರು ಶಾಲಾ ದರವನ್ನು ನೂರು ಡಾಲರ್‌ಗೆ 9.1 ಸೆಂಟ್ ಏರಿಸಲು ಒಪ್ಪಿದರು. ಅದರಿಂದ ಬರುವ ಸುಮಾರು 17 ಕೋಟಿ ಡಾಲರ್‌ನಲ್ಲಿ ಜಿಲ್ಲೆಗೆ ಉಳಿಯುವುದು 4 ಕೋಟಿ ಚಿಲ್ಲರೆ ಮಾತ್ರ ಎಂದು ಮೊದಲೇ ಲೆಕ್ಕ ಹಾಕಿದ್ದರು, ಉಳಿದದ್ದು ರೀಕ್ಯಾಪ್ಚರ್‌ಗೆ. ಎಲ್ಲ ಸೆಂಟ್‌ಗಳೂ ಹೀಗಲ್ಲ. ಬಜೆಟ್ ಮಾತುಕತೆಯಲ್ಲಿ ‘ಗೋಲ್ಡನ್ ಪೆನಿ’, ‘ಕಾಪರ್ ಪೆನಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಗೋಲ್ಡನ್ ಪೂರ್ತಿ ಜಿಲ್ಲೆಗೇ ಉಳಿಯುತ್ತದೆ, ಕಾಪರ್‌ನಲ್ಲಿ ರೀಕ್ಯಾಪ್ಚರ್ ಕೈ ಹಾಕುತ್ತದೆ. ದರ ಏರಿಕೆಯ ಪ್ರಸ್ತಾವ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ಪೆನಿ?

ಇನ್ನೊಂದು ಸಂಗತಿ ನಮ್ಮವರಿಗೆ ನೇರವಾಗಿ ತಾಗುತ್ತದೆ. ರಾಜ್ಯದ ಲೆಕ್ಕ ಎಷ್ಟು ಮಕ್ಕಳು ಸೇರಿದ್ದಾರೆ ಎಂಬುದರ ಮೇಲಲ್ಲ, ಸರಾಸರಿ ಎಷ್ಟು ಮಕ್ಕಳು ದಿನಾ ಹಾಜರಿದ್ದಾರೆ ಎಂಬುದರ ಮೇಲೆ. ಮೂಲ ಮೊತ್ತವನ್ನು ಶಾಲಾ ದಿನಗಳಿಂದ ಭಾಗಿಸಿದರೆ ಮಗುವೊಂದಕ್ಕೆ ದಿನಕ್ಕೆ 35 ಡಾಲರ್ ಆಸುಪಾಸು. ಡಿಸೆಂಬರ್ ರಜೆಗೆ ಮುಂಚೆಯೇ ಹೊರಟು, ಸಂಕ್ರಾಂತಿ ಮುಗಿಸಿ, ತಂಗಿಯ ಮದುವೆಯನ್ನೂ ಮುಗಿಸಿ ವಾಪಸಾಗುವ ಇಂಡಿಯಾ ಪ್ರವಾಸದಲ್ಲಿ ಮಗು ಹದಿನೈದು ದಿನ ಶಾಲೆ ತಪ್ಪಿಸಿದರೆ ಐನೂರು ಡಾಲರ್ ಹೋಯಿತು. ಅಜ್ಜಿ-ತಾತನ್ನು ನೋಡಬೇಡಿ ಎಂದು ಯಾರು ಹೇಳುತ್ತಾರೆ! ಟಿಕೆಟ್ ಮಾಡುವಾಗ ಶಾಲೆಯ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡರೆ ಸಾಕು.

ಬಜೆಟ್ ಓದುವುದು

ಐಎಸ್‌ಡಿ ಜಾಲತಾಣದ ಹಣಕಾಸು ಪುಟದಲ್ಲಿ ಬಜೆಟ್ ಸಿಗುತ್ತದೆ. ನೂರಾರು ಪುಟ ನೋಡಿ ಹೆದರಬೇಡಿ, ಮುಕ್ಕಾಲು ಭಾಗ ಚಿತ್ರ ಮತ್ತು ಹೊಗಳಿಕೆ. ಬೋರ್ಡ್ ಮತ ಹಾಕಿ ಒಪ್ಪಬೇಕಾದದ್ದು ಮೂರು ನಿಧಿಗಳನ್ನು: ಸಾಮಾನ್ಯ ನಿಧಿ, ಊಟದ ನಿಧಿ, ಸಾಲ ತೀರಿಸುವ ನಿಧಿ. ನೀವು ಸಾಮಾನ್ಯ ನಿಧಿಯ ಪುಟ ಹಿಡಿದುಕೊಳ್ಳಿ. ಅದರ ಸಂಖ್ಯೆ 199.

ಖರ್ಚಿನ ಸಂಕೇತ ರಾಜ್ಯದ ಎಲ್ಲ ಐಎಸ್‌ಡಿಗಳಿಗೂ ಒಂದೇ. 11 ಅಂದರೆ ಪಾಠ, 36 ಆಟೋಟ ಮತ್ತಿತರ ಚಟುವಟಿಕೆ, 41 ಆಡಳಿತ ಕಚೇರಿ, 51 ಕಟ್ಟಡ ನಿರ್ವಹಣೆ, 91 ರೀಕ್ಯಾಪ್ಚರ್. ಇನ್ನೊಂದು ಕಡೆಯಿಂದ ನೋಡಿದರೆ 6100 ಸಂಬಳ, 6200 ಹೊರಗುತ್ತಿಗೆ, 6300 ಸಾಮಾನು. ಈ ವರ್ಷದ್ದು, ಕಳೆದ ವರ್ಷದ್ದು ಅಕ್ಕಪಕ್ಕ ಇಟ್ಟು ಸಂಬಳದ ಸಾಲು ಎಷ್ಟು ಬದಲಾಗಿದೆ, 41ರ ಸಾಲು ಎಷ್ಟು ಬದಲಾಗಿದೆ ನೋಡಿ. 91ರಲ್ಲಿ ದೊಡ್ಡ ಸಂಖ್ಯೆ ಕಂಡರೆ ನಿಮ್ಮದು ‘ಶ್ರೀಮಂತ’ ಜಿಲ್ಲೆ. ಪ್ಲೇನೊ ಅಂಥದ್ದೇ, ಆದರೂ ಮಕ್ಕಳ ಸಂಖ್ಯೆ ಇಳಿದು 2024ರಲ್ಲಿ ಅಲ್ಲಿನ ಬೋರ್ಡ್ ನಾಲ್ಕು ಶಾಲೆ ಮುಚ್ಚುವ ತೀರ್ಮಾನ ಮಾಡಬೇಕಾಯಿತು. ಮಗುವಿನ ಲೆಕ್ಕದಲ್ಲಿ ದುಡ್ಡು ಬರುವ ಕಡೆ ಮಕ್ಕಳು ಕಡಿಮೆಯಾದರೆ ದೊಡ್ಡ ಮನೆಗಳಿದ್ದೂ ಪ್ರಯೋಜನವಿಲ್ಲ.

ಜುಲೈ 1ಕ್ಕೆ ವರ್ಷ ಶುರುವಾಗುವ ಜಿಲ್ಲೆಗಳು ಜೂನ್ ಮುಗಿಯುವುದರೊಳಗೆ ಬಜೆಟ್ ಒಪ್ಪಬೇಕು, ಸೆಪ್ಟೆಂಬರ್ 1ರವು ಆಗಸ್ಟ್ ಮುಗಿಯುವುದರೊಳಗೆ. ನಿಮ್ಮದು ಯಾವ ಜಿಲ್ಲೆಯಾದರೂ ಮಾತಾಡುವ ಕಾಲ ಏಪ್ರಿಲ್, ಮೇ. ಒಪ್ಪುವ ದಿನ ಹೋದರೆ ಬರೀ ಶಾಸ್ತ್ರ.

ಮೈಕ್ ಮುಂದೆ

ಹೆಚ್ಚಿನ ಬೋರ್ಡ್‌ಗಳಲ್ಲಿ ಏಳು ಟ್ರಸ್ಟಿಗಳು, ಚುನಾಯಿತರು, ಸಂಬಳವಿಲ್ಲ. ಅವರು ನೇಮಿಸುವ ಸೂಪರಿಂಟೆಂಡೆಂಟ್ ಶಾಲೆ ನಡೆಸುತ್ತಾರೆ. ಮಗುವಿನ ಮಾರ್ಕ್ಸ್, ಬಸ್ಸು, ಟೀಚರ್ ಜೊತೆ ಮನಸ್ತಾಪ, ಇವಕ್ಕೆಲ್ಲ ಟ್ರಸ್ಟಿ ಹತ್ತಿರ ಹೋಗಬೇಡಿ. ‘ಪ್ರಿನ್ಸಿಪಾಲ್ ಹತ್ತಿರ ಮಾತಾಡಿದ್ರಾ?’ ಎಂದು ವಾಪಸ್ ಕಳಿಸುತ್ತಾರೆ. ಬಜೆಟ್, ದರ, ಬಾಂಡ್ (ಕಟ್ಟಡಗಳಿಗೆಂದು ಎತ್ತುವ ಸಾಲ), ಶಾಲೆ ಮುಚ್ಚುವುದು, ಗಡಿ ಬದಲಿಸುವುದು ಅವರ ಕೆಲಸ. ಹ್ಯೂಸ್ಟನ್ ಮಾತ್ರ ಬೇರೆ ಕಥೆ: 2023ರ ಜೂನ್‌ನಲ್ಲಿ ರಾಜ್ಯವೇ ಅದನ್ನು ವಹಿಸಿಕೊಂಡು ತನ್ನ ಮಂಡಳಿಯನ್ನು ಕೂರಿಸಿತು.

ಅಜೆಂಡಾ ಮೀಟಿಂಗ್‌ಗೆ ಕೆಲವು ದಿನ ಮೊದಲೇ ಜಾಲತಾಣದಲ್ಲಿ ಬರುತ್ತದೆ. ಅದರಲ್ಲಿ ‘ಕನ್ಸೆಂಟ್ ಅಜೆಂಡಾ’ ಎಂಬ ಭಾಗ ಬಿಡದೆ ಓದಿ. ಹತ್ತಾರು ಗುತ್ತಿಗೆ, ಖರೀದಿಗಳನ್ನು ಒಟ್ಟಿಗೆ ಕಟ್ಟಿ ಒಂದೇ ಮತದಲ್ಲಿ ಚರ್ಚೆಯಿಲ್ಲದೆ ಪಾಸು ಮಾಡುವ ಜಾಗ ಅದು. ತಿಂಗಳ ಮಾಮೂಲಿ ಮೀಟಿಂಗ್‌ನಲ್ಲಿ ಬಹುಮಾನ ವಿತರಣೆ, ಫೋಟೊಗಳೇ ಒಂದು ಗಂಟೆ ತಿನ್ನುತ್ತವೆ. ನಿಜವಾದ ಮಾತು ನಡೆಯುವುದು ‘ವರ್ಕ್‌ಶಾಪ್’ ಎಂದು ಕರೆಯುವ ಸಭೆಗಳಲ್ಲಿ. ಬಿಡುವಿರುವುದು ಒಂದು ಸಂಜೆ ಮಾತ್ರ ಎಂದರೆ ಬಜೆಟ್ ವರ್ಕ್‌ಶಾಪ್‌ಗೇ ಹೋಗಿ.

ಮಾತಾಡಲು ಮೊದಲೇ ಹೆಸರು ಕೊಡಬೇಕು. ಅಜೆಂಡಾದಲ್ಲಿರುವ ವಿಷಯದ ಮೇಲೆ ಸಾರ್ವಜನಿಕರಿಗೆ ಮಾತಾಡಲು ಬಿಡಲೇಬೇಕೆಂದು 2019ರಿಂದ ಕಾನೂನಿದೆ. ಸಿಗುವುದು ಸಾಮಾನ್ಯವಾಗಿ ಮೂರು ನಿಮಿಷ, ಜನ ಹೆಚ್ಚಿದ್ದರೆ ಇನ್ನೂ ಕಡಿಮೆ. ಪೀಠಿಕೆ ಬೇಡ. ಹೀಗೆ ಶುರು ಮಾಡಿ: ‘ನಾನು ಐಟಂ 7ಬಿ ಬಗ್ಗೆ ಮಾತಾಡುತ್ತೇನೆ. ಬಜೆಟ್ ಪುಟ 42ರಲ್ಲಿ ಗ್ರಂಥಪಾಲಕರ ಹುದ್ದೆ ಕಡಿಮೆಯಾಗಿದೆ, ಹೊರಗುತ್ತಿಗೆ ಸಾಲು ಏರಿದೆ. ಕಾರಣವೇನು?’ ಒಂದು ಪ್ರಶ್ನೆ, ಒಂದು ಸಂಖ್ಯೆ, ಒಂದು ಬೇಡಿಕೆ. ಮಕ್ಕಳ ಹೆಸರು, ಟೀಚರ್ ಹೆಸರು ಎತ್ತಬೇಡಿ. ನಿಮ್ಮ ವಿಷಯ ಅಜೆಂಡಾದಲ್ಲಿ ಇಲ್ಲದಿದ್ದರೆ ಟ್ರಸ್ಟಿಗಳು ಅದನ್ನು ಚರ್ಚಿಸುವಂತಿಲ್ಲ, ಆಗ ಅವರು ಸುಮ್ಮನೆ ಕೂತಿದ್ದರೆ ಉದಾಸೀನ ಎಂದುಕೊಳ್ಳಬೇಡಿ.

ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಯುವವರು ಅನುವಾದಕರನ್ನು ಕರೆದೊಯ್ಯಬಹುದು. ಸಮಯದ ಮಿತಿ ಇರುವ ಕಡೆ ಅನುವಾದಕರ ಮೂಲಕ ಮಾತಾಡುವವರಿಗೆ ಕನಿಷ್ಠ ಎರಡು ಪಟ್ಟು ಸಮಯ ಕೊಡಬೇಕೆಂದು ಟೆಕ್ಸಸ್ ಕಾನೂನೇ ಹೇಳುತ್ತದೆ. ಮೂರು ನಿಮಿಷದ ಕಡೆ ಆರು ನಿಮಿಷ, ಕನ್ನಡದಲ್ಲೇ.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಲಿಖಿತವಾಗಿ ಕೇಳಿ. ಇದು ನಮ್ಮ ಆರ್‌ಟಿಐ ಇದ್ದಂತೆ, ಕಾರಣ ಹೇಳಬೇಕಿಲ್ಲ. ‘ಎಲ್ಲ ದಾಖಲೆ ಕೊಡಿ’ ಎಂದರೆ ದೊಡ್ಡ ಶುಲ್ಕದ ಅಂದಾಜು ಬರುತ್ತದೆ. ಯಾವ ಗುತ್ತಿಗೆ, ಯಾವ ವರ್ಷ ಎಂದು ಕಿರಿದಾಗಿ ಕೇಳಿ.

ಬಾಂಡ್ ಮತ್ತು ಸ್ಟೇಡಿಯಂ

ಟೀಚರ್‌ಗಳಿಗೆ ಸಂಬಳ ಏರಿಸಲು ದುಡ್ಡಿಲ್ಲ, ಸ್ಟೇಡಿಯಂ ಕಟ್ಟಲು ಇದೆಯಾ? ಪ್ರತಿ ಪಾರ್ಟಿಯಲ್ಲೂ ಬರುವ ಪ್ರಶ್ನೆ. ಶಾಲಾ ದರದಲ್ಲಿ ಎರಡು ಭಾಗಗಳಿವೆ: ದಿನನಿತ್ಯದ ಖರ್ಚಿಗೆ ಎಂ ಆ್ಯಂಡ್ ಓ, ಸಾಲ ತೀರಿಸಲು ಐ ಆ್ಯಂಡ್ ಎಸ್. ಎರಡನೆಯದರ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ, ಅದಕ್ಕೆ ರೀಕ್ಯಾಪ್ಚರ್ ಕಾಟವೂ ಇಲ್ಲ. ಬೋರ್ಡ್‌ಗಳಿಗೆ ಬಾಂಡ್ ಮೇಲೆ ಪ್ರೀತಿ ಹೆಚ್ಚಲು ಇದೂ ಒಂದು ಕಾರಣ ಎಂಬುದು ನನ್ನ ಅನಿಸಿಕೆ. ಆ್ಯಲನ್ ಊರಿನ ಹೈಸ್ಕೂಲಿಗೆ 2012ರಲ್ಲಿ ತೆರೆದ ಸುಮಾರು 6 ಕೋಟಿ ಡಾಲರ್‌ನ, 18,000 ಆಸನಗಳ ಫುಟ್‌ಬಾಲ್ ಸ್ಟೇಡಿಯಂ ಇಂಥ ಬಾಂಡ್ ಹಣದ್ದೇ. ಕಾಂಕ್ರೀಟಿನಲ್ಲಿ ಬಿರುಕು ಕಂಡು 2014ರಲ್ಲಿ ಅದನ್ನು ಮುಚ್ಚಿ ರಿಪೇರಿ ಮಾಡಬೇಕಾಯಿತು.

ಈಗ ದೊಡ್ಡ ಸ್ಟೇಡಿಯಂ, ಈಜುಕೊಳಗಳನ್ನು ಬೇರೆ ಪ್ರಶ್ನೆಯಾಗಿಯೇ ಮತಕ್ಕೆ ಇಡಬೇಕು, ತರಗತಿ ಕೊಠಡಿಗಳ ಬೆನ್ನ ಹಿಂದೆ ಅಡಗಿಸುವಂತಿಲ್ಲ. ಮತಪತ್ರದಲ್ಲಿ ‘ಇದು ಆಸ್ತಿ ತೆರಿಗೆ ಏರಿಕೆ’ ಎಂಬ ಒಕ್ಕಣೆ ಇರುತ್ತದೆ. ದರ ಏರದಿದ್ದರೂ ಆ ಸಾಲು ಇರಲೇಬೇಕು, ಹಾಗಾಗಿ ಅದೊಂದನ್ನೇ ನೋಡಿ ತೀರ್ಮಾನಿಸಬೇಡಿ. ಐ ಆ್ಯಂಡ್ ಎಸ್ ದರ ನಿಜಕ್ಕೂ ಎಷ್ಟಾಗುತ್ತದೆ ಎಂದು ಕೇಳಿ. 2024ರ ನವೆಂಬರ್‌ನಲ್ಲಿ ಫ್ರಿಸ್ಕೊ ಮತದಾರರು ದರ ಏರಿಕೆಯನ್ನೂ ಬಾಂಡ್‌ಗಳನ್ನೂ ತಿರಸ್ಕರಿಸಿದರು. ಶಾಲೆಗಾಗಿಯೇ ಮನೆ ಕೊಳ್ಳುವ ಊರು ಅದು.

ವೀಸಾದಲ್ಲಿರುವವರು

ಪೌರತ್ವ ಇಲ್ಲದವರು ಮತ ಹಾಕುವಂತಿಲ್ಲ, ಸ್ಕೂಲ್ ಬೋರ್ಡ್ ಚುನಾವಣೆಯಲ್ಲೂ ಇಲ್ಲ. ಡ್ರೈವಿಂಗ್ ಲೈಸೆನ್ಸ್ ನವೀಕರಿಸುವಾಗ ‘ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ?’ ಎಂಬ ಪ್ರಶ್ನೆ ಬರುತ್ತದೆ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಕಣ್ಣು ಮುಚ್ಚಿ ಒತ್ತುವ ಒಂದು ‘ಹೌದು’ ವಲಸೆ ದಾಖಲೆಯಲ್ಲಿ ತೊಳೆದರೂ ಹೋಗದ ಕಲೆ. ಮನೆಯ ಹಿರಿಯರಿಗೂ ಹೇಳಿರಿ.

ಮತ ಬಿಟ್ಟು ಉಳಿದದ್ದಕ್ಕೆ ಬಾಗಿಲು ತೆರೆದಿದೆ: ಪ್ರೊಟೆಸ್ಟ್, ಹೋಮ್‌ಸ್ಟೆಡ್, ಮೀಟಿಂಗ್, ಮೈಕ್, ಮಾಹಿತಿ ಅರ್ಜಿ. ಅನೇಕ ಐಎಸ್‌ಡಿಗಳು ಬಾಂಡ್ ಯೋಜನೆ, ಶಾಲಾ ಗಡಿ ಮೊದಲಾದವಕ್ಕೆ ಪೋಷಕರ ಸಮಿತಿಗಳನ್ನು ಮಾಡುತ್ತವೆ. ಬೋರ್ಡ್ ಮುಂದೆ ಹೋಗುವ ಪಟ್ಟಿ ತಯಾರಾಗುವುದು ಅಂಥ ಸಮಿತಿಯ ಕೋಣೆಯಲ್ಲಿ. ಅರ್ಜಿಗೆ ಕರೆ ಬರುವುದು ಸಾಮಾನ್ಯವಾಗಿ ಶಾಲೆಯಿಂದ ಬರುವ ವಾರದ ಈಮೇಲ್‌ನ ಕೊನೆಯ ಸಾಲುಗಳಲ್ಲಿ, ಊಟದ ಮೆನು ಮತ್ತು ಪಿಟಿಎ ಟೀ ಶರ್ಟ್ ಜಾಹೀರಾತಿನ ನಡುವೆ.